ಗಂಗಾಮಣಿ ಕೂರದ ದೋಣಿ

ಡಾಂಬರಿನ ವಾಸನೆ ಬಡಿದರೆ ಗಂಗಾಮಣಿ ಇವತ್ತಿಗೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾಳೆ. ದೋಣಿ ಕಟ್ಟುವವನ ಹೆಂಡತಿಗೆ ಡಾಂಬರು ಆಗದು ಎಂದರೆ ಯಾರು ನಂಬುತ್ತಾರೆ? ಮದುವೆಯಾಗಿ ಬಂದ ಹೊಸದರಲ್ಲಿ ಅದೇ ವಾಸನೆಯ ಗಂಡನ ಅಂಗಿಯನ್ನು ಮೂಗಿಗೆ ಒತ್ತಿಕೊಂಡವಳು ಅವಳು.

ಅವರ ಊರು ಎಮ್ಮೆಗುಡ್ಡ. ಪಾಳ್ಯದ ಕಡೆ ಬಸ್ಸಿಳಿದು ಹಿನ್ನೀರಿನ ದಡದವರೆಗೆ ನಡೆದರೆ, ನೀರಿನ ನಡುವೆ ಎಮ್ಮೆ ಮಲಗಿದಂತೆ ಕಾಣುತ್ತದಲ್ಲ, ಅದೇ. ಅಣೆಕಟ್ಟಿನ ನೀರು ಏರಿ ಸುತ್ತಲಿನ ಗದ್ದೆಗಳು ಮುಳುಗಿದಾಗ ಗುಡ್ಡ ನಡುಗಡ್ಡೆಯಾಯಿತು. ಬಿಟ್ಟು ಹೋಗಲೊಲ್ಲದ ಮನೆಗಳವರು ನೇಗಿಲು ಕೆತ್ತುತ್ತಿದ್ದ ಉಳಿಯಲ್ಲೇ ದೋಣಿ ಕೆತ್ತಲು ಕಲಿತರು. ತೊಂಬತ್ತರ ದಶಕದ ಹೊತ್ತಿಗೆ ಹಿನ್ನೀರಿನ ಯಾವ ದಡದಲ್ಲಿ ನೋಡಿದರೂ ಎಮ್ಮೆಗುಡ್ಡದ ದೋಣಿಯೇ. ಉಪ್ಪು ತರಲೂ ಹೆರಿಗೆಗೂ ನೀರು ದಾಟಲೇಬೇಕಾದ ಜನ ದೋಣಿಯ ಕೆಲಸದಲ್ಲಿ ಮೋಸ ಮಾಡುವುದಿಲ್ಲ ಎಂದು ಎಲ್ಲರೂ ನಂಬಿದ್ದರು.

ಹಿರಿಯರು ಮಾತ್ರ ಬರೀ ನಂಬಿಕೆಯ ಮೇಲೆ ಬಿಟ್ಟಿರಲಿಲ್ಲ. ಹೊಸ ದೋಣಿ ನೀರಿಗಿಳಿದ ದಿನ ಮೊದಲು ಕೂರಬೇಕಾದವಳು ಅದನ್ನು ಕಟ್ಟಿದವನ ಹೆಂಡತಿ. ಮಡಿಲಲ್ಲಿ ಅಕ್ಕಿ, ಕೈಯಲ್ಲಿ ದೀಪ. ಅವಳು ಆಚೆ ದಡ ಮುಟ್ಟಿ ಬಂದ ಮೇಲೇ ಉಳಿದವರು ಹತ್ತುವುದು. ಗಂಡ ಬೋರಯ್ಯ ಕಟ್ಟಿದ ಎಷ್ಟೋ ದೋಣಿಗಳಲ್ಲಿ ಗಂಗಾಮಣಿ ಹೀಗೆ ಕೂತು ಬಂದಿದ್ದಳು. ಒಮ್ಮೆಯೂ ಸೆರಗು ನೆನೆದಿರಲಿಲ್ಲ. ಗಂಡನ ಬಗ್ಗೆ ಅವಳಿಗಿದ್ದ ಹೆಮ್ಮೆಯೆಲ್ಲ ಆ ಒಣ ಸೆರಗಿನಲ್ಲೇ ಇತ್ತು ಅನ್ನಿ.

ಒಂದು ವರ್ಷ ಆಚೆ ದಡದ ಎಸ್ಟೇಟಿನವರು ದೊಡ್ಡದೊಂದು ದೋಣಿ ಕಟ್ಟಲು ಹೇಳಿದರು. ಕಾಫಿ ಹಣ್ಣು ಕುಯ್ಯಲು ಗುಡ್ಡದ ಹೆಂಗಸರನ್ನು ಒಟ್ಟಿಗೆ ಕರೆಸಿಕೊಳ್ಳಬೇಕಿತ್ತು. ಅಲ್ಲಿ ಲೆಕ್ಕ ಬರೆಯುವ ರೈಟರ್ ರವಿಚಂದ್ರ ಮರವನ್ನೂ ಎಸ್ಟೇಟಿನಿಂದಲೇ ಕಳಿಸಿದ. ದೋಣಿಗೆ ಬೇಕಾದದ್ದು ಹೆಬ್ಬಲಸು. ಬಂದಿಳಿದದ್ದು ಕಾಫಿಯ ನೆರಳಿಗೆ ಬೆಳೆಸುವ ಸಿಲ್ವರ್. ಪೆಟ್ಟಿಗೆ ಮಾಡಲು ಅಡ್ಡಿಯಿಲ್ಲ. ನೀರು ಕುಡಿದರೆ ಮೊಳೆ ಹಿಡಿದು ನಿಲ್ಲದ ಮರ.

"ಇದೇನ್ರೀ, ಸಿಲ್ವರ್ ಬಂದೈತೆ?" ಎಂದು ಗಂಗಾಮಣಿ ಕೇಳಿದಳು.

"ವಾಪಸ್ ಕಳಿಸ್ತೀನಿ ಕಣೆ. ಹೆಬ್ಬಲಸು ಬತ್ತದೆ," ಎಂದ ಬೋರಯ್ಯ.

ಅಷ್ಟರಲ್ಲಿ ತಾಯಿಗೆ ಹುಷಾರಿಲ್ಲವೆಂದು ಅವಳು ಕೆ. ಹೊಸಕೋಟೆಯ ತವರಿಗೆ ಹೋದಳು. ಮರಳಿ ಬಂದಾಗ ದೋಣಿ ಮುಗಿದು, ಒಳಗೂ ಹೊರಗೂ ಡಾಂಬರು ಮೆತ್ತಿಕೊಂಡು ಕೂತಿತ್ತು. ಮರ ಯಾವುದೆಂದು ಕೇಳುವ ಯೋಚನೆಯೇ ಅವಳಿಗೆ ಬರಲಿಲ್ಲ.

ನೀರಿಗಿಳಿಸುವ ಬೆಳಿಗ್ಗೆ ಬೋರಯ್ಯ, "ನಿಧಾನಕ್ಕೆ ಬಾ, ರೈಟರ್ ಬರೋದು ತಡ," ಎಂದು ಹೇಳಿ ಮುಂದೆ ಹೋದ. ಗಂಗಾಮಣಿ ಅಕ್ಕಿ ಕಟ್ಟಿಕೊಂಡು, ದೀಪ ಹಿಡಿದು ದಡಕ್ಕಿಳಿದರೆ ರೈಟರ್ ಆಗಲೇ ಬಂದು ನಿಂತಿದ್ದ. ಬೋರಯ್ಯ ಬೆನ್ನು ತಿರುಗಿಸಿ ಅವನಿಗೆ ಹೇಳುತ್ತಿದ್ದ.

"ನಮ್ಮೋಳು ಹೊರಗಾಗವ್ಳೆ ಸಾರ್, ಇವತ್ತು ಕೂರಂಗಿಲ್ಲ. ಕಾಯಿ ಒಡ್ದು ಬುಟ್ಬುಡನ."

ಅವಳ ಕಿವಿ ಕಾದುಹೋಯಿತು. ಹೆಂಡತಿಯ ಮುಟ್ಟನ್ನು ದಡದಲ್ಲಿ ನಿಂತು ಸಾರುವುದೇ ಹೇಸಿಗೆ, ಅದೂ ಸುಳ್ಳು. ಯಾಕೆ ಹೇಳಿದ ಎಂದು ದೋಣಿಯ ಕಡೆ ನೋಡಿದಳು. ಬುತ್ತಿ ಹಿಡಿದ ಹೆಂಗಸರು ಹತ್ತುತ್ತಿದ್ದರು. ಎಲ್ಲರಿಗಿಂತ ಮುಂದೆ ಬೋರಯ್ಯನ ತಮ್ಮನ ಹೆಂಡತಿ ಪುಷ್ಪಾ, ಮಡಿಲಲ್ಲಿ ಮೊಲೆ ಕುಡಿಯುವ ಕೂಸು.

"ಒಳಕ್ಕೆ ಸರ್ಕೊಳವ್ವ, ಗಾಳಿ ಬೀಸ್ತದೆ," ಎಂದು ಬೋರಯ್ಯ ಅವಳಿಗೆ ಅಕ್ಕರೆಯಿಂದ ಹೇಳುತ್ತಿದ್ದ.

ಗಂಗಾಮಣಿ ಬಗ್ಗಿ ದೀಪದ ಹಿತ್ತಾಳೆ ಅಂಚಿನಿಂದ ದೋಣಿಯ ಪಕ್ಕೆಯನ್ನು ಕೆರೆದಳು. ಡಾಂಬರಿನ ಕೆಳಗೆ ಹೆಬ್ಬಲಸಿನ ಹಳದಿ ಕಾಣಲಿಲ್ಲ, ನಸುಗೆಂಪು ಸಿಲ್ವರ್ ಕಂಡಿತು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡದ್ದು ಇಂಥವನ ಜೊತೆಗಾ ಎಂದು ಅವಳಿಗೆ ಮೈಯೆಲ್ಲ ಅಸಹ್ಯವಾಯಿತು. ಅವಳು ಸೀರೆ ಎತ್ತಿಕಟ್ಟಿ ದೋಣಿ ಹತ್ತಿ, ಮುಂಭಾಗದಲ್ಲಿ ಕೂತಳು.

"ನಾನು ಹೊರಗಾಗಿಲ್ಲ. ನಡ್ಸಿ," ಎಂದಳು.

ಬೋರಯ್ಯ ನೀರಿಗಿಳಿದು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದ. "ಇಳಿ ಗಂಗಾ."

"ಪುಷ್ಪ ಕೂತವ್ಳಲ್ಲ. ಅವ್ಳಿಗೂ ಇಳಿ ಅನ್ನಿ."

ಅವನು ಪುಷ್ಪಾಳ ಕಡೆ ನೋಡಲಿಲ್ಲ, ಹಿಡಿದ ಕೈಯನ್ನೂ ಬಿಡಲಿಲ್ಲ. ಹೆಂಗಸರು ಅವನ ಕೈಯನ್ನು ನೋಡಿದರು, ಕೆರೆದ ಜಾಗವನ್ನು ನೋಡಿದರು. ಪುಷ್ಪಾ ಕೂಸನ್ನು ಅವಚಿಕೊಂಡು ಮೊದಲು ಇಳಿದಳು. ರೈಟರ್ ಏನೋ ಗದರಿದ. ಯಾರೂ ಅವನತ್ತ ತಿರುಗಿಯೂ ನೋಡಲಿಲ್ಲ. ಆ ದೋಣಿ ದಡದಲ್ಲೇ ಬಿದ್ದು ಮಳೆಗಾಲದಲ್ಲಿ ಅಣಬೆ ಎಬ್ಬಿಸಿತು.

ಅವತ್ತು ಸಂಜೆ ಬೋರಯ್ಯ ಒಲೆಯ ಹತ್ತಿರ ಬಂದು ಕೂತ. "ಎಸ್ಟೇಟ್ ಕೆಲ್ಸ ಕೈತಪ್ಪಬಾರ್ದು ಅಂತ ಒಪ್ಕಂಡೆ. ಆದ್ರೆ ನಿಂಗೇನಾರ ಆದ್ರೆ ಅಂತ ಜೀವ ತಡೀನಿಲ್ಲ ಕಣೆ. ನಿನ್ ಮೇಲಿನ ಪ್ರೀತಿಗೇ ಹಂಗಂದೆ," ಎಂದ.

ಥೂ, ಆ ಪ್ರೀತಿಗಿಷ್ಟು. ಗಂಗಾಮಣಿ ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಳು.

ಅವಳು ಮನೆ ಬಿಡಲಿಲ್ಲ. ಅವನಿಗೆ ಅನ್ನ ಬಡಿಸಿದಳು, ಜ್ವರ ಬಂದರೆ ಕಷಾಯ ಕಾಯಿಸಿಕೊಟ್ಟಳು. ಮುಂದಿನ ವರ್ಷ ಬೋರಯ್ಯ ಹೆಬ್ಬಲಸಿನಲ್ಲೇ ಹೊಸ ದೋಣಿ ಕಟ್ಟಿ, ಡಾಂಬರು ಬಳಿಯುವ ಮುಂಚೆ ಊರವರಿಗೆಲ್ಲ ತೋರಿಸಿದ. ದಡದಲ್ಲಿ ಜನ ಸೇರಿದಾಗ ಅವಳನ್ನು ಕರೆದ. ಅವಳು ಎಲ್ಲರಿಗೂ ಕೇಳುವಂತೆ, "ನಾನು ಹೊರಗಾಗಿವ್ನಿ," ಎಂದು ಹೇಳಿ ಮನೆಗೆ ನಡೆದಳು. ಅವಳು ಕೂರದ ಆ ದೋಣಿಯನ್ನು ಯಾರೂ ಹತ್ತಲಿಲ್ಲ. ಅದರ ಮುಂದಿನದನ್ನೂ ಹತ್ತಲಿಲ್ಲ. ಬೋರಯ್ಯ ಬಾಗಿಲು, ಮಂಚ ಮಾಡಿ ಹೊಟ್ಟೆ ಹೊರೆದ.

ಈಗ ಅವಳ ತಲೆ ಪೂರ್ತಿ ಬೆಳ್ಳಗಾಗಿದೆ. ಅವನ ಕೊನೆಯ ದೋಣಿ ಅಂಗಳದಲ್ಲಿ ಕವುಚಿ ಬಿದ್ದಿದೆ, ಅದರಡಿ ಕೋಳಿ ಮೊಟ್ಟೆಯಿಡುತ್ತದೆ. ಗಟ್ಟಿ ದೋಣಿ ಅದು, ಗೆಣ್ಣಿನಿಂದ ಬಡಿದು ನೋಡಿದ ಅವಳಿಗೂ ಗೊತ್ತು. ಮೊನ್ನೆ ಬೋರಯ್ಯ ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಈಗ್ಲಾದ್ರೂ ಒಂದ್ ಸಲ ಕೂರೆ ಗಂಗಾ," ಎಂದ.

ಗಂಗಾಮಣಿ ಅಕ್ಕಿ ಕೇರುವುದನ್ನು ನಿಲ್ಲಿಸಲಿಲ್ಲ.

"ನಾನು ಹೊರಗಾಗಿವ್ನಿ," ಎಂದಳು. "ನೀವೇ ಹೇಳಿದ್ರಲ್ಲ."