ಹನಿ ನಿಂತ ಗುಟ್ಟು ಹುಳುಮನೆ ಬಾಗಿಲಲ್ಲಿ ಸಿಕ್ಕಿತು

ತೂಬಗೆರೆ ಹೋಬಳಿಯ ಈ ಹಳ್ಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಲಕ್ಕಮ್ಮನ ಮನೆ ಮುಂದೆ ಸ್ಕೂಟರ್ ನಿಲ್ಲಿಸಿದ ಅನುಸೂಯಮ್ಮ ಕಣ್ಣಿನ ಹನಿಯ ಪುಟ್ಟ ಸೀಸೆಯನ್ನಷ್ಟೇ ತೆಗೆದುಕೊಂಡು, ಚೀಲವನ್ನು ಹೊಂಗೆಮರದ ಕೊಂಬೆಗೆ ನೇತುಹಾಕುತ್ತಾರೆ. ಸೋಪು ಹಾಕಿ ಕೈ ತೊಳೆಯುತ್ತಾರೆ. ಜಗಲಿಯ ಮೇಲೆ ಕೂತ ಲಕ್ಕಮ್ಮನ ಗಲ್ಲ ಹಿಡಿದೆತ್ತಿ, ಕೆಳರೆಪ್ಪೆ ಎಳೆದು, ಕಣ್ಣಿಗೊಂದೇ ಹನಿ ಬಿಟ್ಟು, ಮೂಗಿನ ಪಕ್ಕ ಬೆರಳೊತ್ತಿ ಹಿಡಿಯುತ್ತಾರೆ.

“ಈಗ್ಲೇ ಕಣ್ಣು ಬಿಡ್ಬೇಡಿ ಅಮ್ಮ.”

“ಬಿಡಲ್ಲ ಕಣವ್ವ. ಬಿರ್ರನೆ ಮುಗ್ಸು, ಹುಳ ಹಸ್ಕೊಂಡವೆ.”

ಹಸಿದಿರುವುದು ಹಿತ್ತಲ ಶೆಡ್ಡಿನ ರೇಷ್ಮೆಹುಳುಗಳು. ಲಕ್ಕಮ್ಮನಿಗೆ ಅವು ಮಕ್ಕಳಿದ್ದ ಹಾಗೆ. ಒಂದು ಕೈ ಹೆಚ್ಚೇ ಎಂದು ಮಕ್ಕಳು ಗೊಣಗುವುದೂ ಉಂಟು.

ಅನುಸೂಯಮ್ಮ ದೊಡ್ಡಬಳ್ಳಾಪುರದ ಸಣ್ಣ ಕಣ್ಣಾಸ್ಪತ್ರೆಯೊಂದರ ಸಹಾಯಕಿ. ಮಗ್ಗ ನಡೆಸುತ್ತಿದ್ದ ಗಂಡ ತೀರಿಕೊಂಡಾಗ ಅಲ್ಲಿ ನೆಲ ಒರೆಸಲು ಸೇರಿದವರು. ನೋಡಿ ನೋಡಿ ಕಲಿತರು, ಆಮೇಲೆ ಆಸ್ಪತ್ರೆಯವರೇ ತರಬೇತಿ ಕೊಟ್ಟರು. ಈಗ ಮೂವತ್ತು ಮನೆಗಳ ಗ್ಲಾಕೋಮಾ ರೋಗಿಗಳು ಅವರ ಪಾಲಿಗಿದ್ದಾರೆ. ಮಳೆ, ಪಂಕ್ಚರ್, ಬೆನ್ನಟ್ಟುವ ನಾಯಿಗಳು ಎಲ್ಲವೂ ಸಂಬಳದ ಜೊತೆ ಬಂದದ್ದೇ.

ಗ್ಲಾಕೋಮಾ ಬಹಳ ಮಟ್ಟಿಗೆ ಸದ್ದಿಲ್ಲದ ಕಾಯಿಲೆ. ಕಣ್ಣೊಳಗಿನ ಒತ್ತಡ ಏರಿ ನರ ಸಾಯುತ್ತದೆ, ನೋಟ ಅಂಚಿನಿಂದ ಕರಗುತ್ತಾ ಬರುತ್ತದೆ. ಹೋದದ್ದು ಮರಳುವುದಿಲ್ಲ. “ಹನಿ ಬಿಟ್ರೆ ಕಾಣೋದೇನೂ ಜಾಸ್ತಿ ಆಗಲ್ಲ, ಉರಿ ಒಂದು ಬೇರೆ. ಇಂಥದ್ದನ್ನ ಸಾಯೋವರ್ಗೂ ದಿನಾ ಹಾಕ್ಕೊಳಿ ಅಂತ ಒಪ್ಸೋದು ಸುಲಭನಾ?” ಎಂದು ಅನುಸೂಯಮ್ಮ ನಗುತ್ತಾರೆ.

ಲಕ್ಕಮ್ಮನ ಎಡಗಣ್ಣು ಆಗಲೇ ಮುಕ್ಕಾಲು ಹೋಗಿತ್ತು. ಉಳಿದದ್ದು ಬಲಗಣ್ಣು. ಪ್ರತಿಸಲ ತಪಾಸಣೆಗೆ ಬಂದಾಗಲೂ ಒತ್ತಡ ಏರಿಯೇ ಇರುತ್ತಿತ್ತು. ಡಾಕ್ಟರ್ ಹರ್ಷಿತ ಒಂದು ಹನಿಯನ್ನು ಎರಡು ಮಾಡಿದರು, ಎರಡನ್ನು ಮೂರು ಮಾಡಿದರು. ಕಣ್ಣು ಕೆಂಡದಂತೆ ಕೆಂಪಾಯಿತೇ ಹೊರತು ಒತ್ತಡ ಜಗ್ಗಲಿಲ್ಲ. ಉಳಿದ ದಾರಿ ಆಪರೇಷನ್. ಲಕ್ಕಮ್ಮ ಬಿಲ್ಕುಲ್ ಒಪ್ಪಲಿಲ್ಲ. ಹನಿ ಗುರಿ ತಪ್ಪಿ ಕೆನ್ನೆಗೆ ಬೀಳುತ್ತಿರಬೇಕೆಂದು ಅನುಸೂಯಮ್ಮ ಹೋದಾಗಲೆಲ್ಲ ಕಲಿಸಿದ್ದೇ ಕಲಿಸಿದ್ದು.

ಒಂದು ದಿನ ಲಕ್ಕಮ್ಮ ಹುಳುಮನೆಯಲ್ಲಿದ್ದಾರೆಂದು ಇವರು ಅಲ್ಲಿಗೇ ಹೋದರು. ಬಾಗಿಲಲ್ಲೇ ತಡೆ ಬಿತ್ತು.

“ಅಯ್ಯೋ, ಆ ಚೀಲ ಒಳೀಕೆ ತರಬ್ಯಾಡ! ನಾಕನೇ ಜ್ವರ ಎದ್ದವೆ. ಔಷ್ಧಿ ಸೋಕ್ರೆ ಒಂದೂ ಉಳಿಯಾಕಿಲ್ಲ.”

ನಾಲ್ಕನೇ ಜ್ವರವೆಂದರೆ ಹುಳು ಕೊನೆಯ ಸಲ ಪೊರೆ ಬಿಡುವ ಹೊತ್ತು. ಅದೆದ್ದ ಮೇಲೆ ಗೂಡು ಕಟ್ಟುವವರೆಗೆ ಒಂದು ವಾರ ಎಡೆಬಿಡದೆ ಮೇಯುತ್ತವೆ. ಪಕ್ಕದ ದ್ರಾಕ್ಷಿ ತೋಟಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಹಿಂದೊಮ್ಮೆ ಹುಳುವಿನ ಇಡೀ ಬೆಳೆಯೇ ಸತ್ತಿತ್ತು. ಅನುಸೂಯಮ್ಮ ಬಾಗಿಲಲ್ಲೇ ನಿಂತು ಮೆಲ್ಲಗೆ ಕೇಳಿದರು: “ಹಂಗಾದ್ರೆ ಈ ವಾರ ಕಣ್ಣಿಗೆ ಹನಿ?”

“ಅದೂ ಔಷ್ಧಿನೇ ಅಲ್ವಾ? ಅದೇ ಕೈಲಿ ಸೊಪ್ಪು ಹಾಕ್ಬೇಕಲ್ಲವ್ವ. ಗೂಡು ಆಗೋಗಂಟ ಮುಟ್ಟಾಕಿಲ್ಲ.”

ಲಕ್ಕಮ್ಮ ಪೇಟೆಗೆ ಬರುತ್ತಿದ್ದುದೇ ಗೂಡು ಮಾರಲು. ಬಂದ ದಿನವೇ ಆಸ್ಪತ್ರೆಗೂ ಹೋಗುತ್ತಿದ್ದರು. ಅಂದರೆ ಡಾಕ್ಟರು ನೋಡುತ್ತಿದ್ದುದೆಲ್ಲ ವಾರದಿಂದ ಹನಿ ಕಾಣದ ಕಣ್ಣನ್ನು! ವರ್ಷಗಟ್ಟಲೆ ಯಾರಿಗೂ ಹೊಳೆಯದ್ದು ಬಾಗಿಲಲ್ಲಿ ನಿಂತ ಒಂದು ಗಳಿಗೆಯಲ್ಲಿ ಬಿಚ್ಚಿಕೊಂಡಿತು.

ಸುದ್ದಿ ತಿಳಿದ ಡಾಕ್ಟರ್ ಹರ್ಷಿತ ಆಪರೇಷನ್ ಮಾತನ್ನು ಪಕ್ಕಕ್ಕಿಟ್ಟರು. ಮುಂದಿನ ಬೆಳೆ ಪೂರ್ತಿ ಒಂದು ಹನಿಯೂ ತಪ್ಪದಂತೆ ಬಿಟ್ಟು ನೋಡೋಣ ಎಂದರು. ಲಕ್ಕಮ್ಮನ ಕೈಗೆ ಔಷಧಿ ತಾಕಬಾರದು ತಾನೆ? ಹುಳು ಮೇಯುವ ಆ ಕೊನೆಯ ವಾರ ಬೆಳಿಗ್ಗೆ ಸಂಜೆ ತಾನೇ ಬಂದು ಬಿಡುತ್ತೇನೆಂದು ಅನುಸೂಯಮ್ಮ ಒಪ್ಪಿಕೊಂಡರು. “ಹುಳ ಸತ್ರೆ ನೀನೇ ಹೊಣೆ” ಎಂದರು ಲಕ್ಕಮ್ಮ. ಆ ವಾರ ಅನುಸೂಯಮ್ಮನಿಗೆ ಅನ್ನ ಸೇರಲಿಲ್ಲ. “ಹುಳಕ್ಕೇನಾರಾ ಆಗಿದ್ರೆ ಸುತ್ತಲ ಊರಲ್ಲಿ ಯಾರೂ ಹನಿ ಮುಟ್ತಿರ್ಲಿಲ್ಲ” ಎನ್ನುತ್ತಾರೆ.

ಗೂಡು ಗಟ್ಟಿಯಾಗಿಯೇ ಬಂತು. ಒತ್ತಡವೂ ಇಳಿಯಿತು. ಕಣ್ಣು ಕೆಂಪಾಗಿಸುತ್ತಿದ್ದ ಮೂರನೇ ಸೀಸೆ ಮೊದಲು ನಿಂತಿತು, ಕೆಲವು ತಿಂಗಳ ಮೇಲೆ ಎರಡನೆಯದೂ. ಈಗ ದಿನಕ್ಕೊಂದೇ ಹನಿ. ರಾತ್ರಿಯ ಬದಲು ಬೆಳಗ್ಗೆ ಬಿಡಬಹುದೆಂದು ಡಾಕ್ಟರೂ ಒಪ್ಪಿದ್ದಾರೆ. ಕೊನೆಯ ವಾರ ಬಂತೆಂದರೆ ಅನುಸೂಯಮ್ಮನ ಸ್ಕೂಟರ್ ರೇಷ್ಮೆ ಸಾಕುವ ರೋಗಿಗಳ ಮನೆ ಮುಂದೆ ಒಂದಾದ ಮೇಲೊಂದರಂತೆ ನಿಲ್ಲುತ್ತದೆ.

ಯಾರಾದರೂ ಹೊಗಳಿದರೆ ಅವರಿಗೆ ಮುಜುಗರ.

“ಕಣ್ಣಿನ ಪೊರೆ ತೆಗ್ದೋರಿಗೆ ಜನ ಕೈ ಮುಗೀತಾರೆ, ಪಟ್ಟಿ ಬಿಚ್ಚಿದ್ ತಕ್ಷಣ ಕಾಣ್ಸುತ್ತಲ್ಲ. ನಮ್ದು ಹಂಗಲ್ಲ. ಲಕ್ಕಮ್ಮನೋರಿಗೆ ಹೋದ್ ವರ್ಷ ಎಷ್ಟು ಕಾಣ್ತಿತ್ತೋ ಈ ವರ್ಷನೂ ಅಷ್ಟೇ ಕಾಣ್ತೈತೆ. ಏನೂ ಆಗ್ಲಿಲ್ಲ ನೋಡಿ, ಅದೇ ನಾನು ಮಾಡಿದ್ ಕೆಲ್ಸ.”