ಗೋಡೆಗೆ ತೂಗುಹಾಕಿದ ಬಾಣಲೆ

ಹೋಟೆಲಮ್ಮನ ಮುಂಗೈ ತುಂಬ ಎಣ್ಣೆ ಸಿಡಿದ ಕಲೆಗಳಿದ್ದವು, ಕಪ್ಪು ಚರ್ಮದ ಮೇಲೆ ಬಿಳಿ ಎಳ್ಳು ಚೆಲ್ಲಿದ ಹಾಗೆ. ಬಾಣಲೆ ಕಾದಿದೆಯೇ ಎಂದು ತಿಳಿಯಲು ಅವರು ನೀರು ಚಿಮುಕಿಸುತ್ತಿರಲಿಲ್ಲ. ಆ ಮುಂಗೈಯನ್ನೇ ಅದರ ಮೇಲೆ ಹಿಡಿದು, ಕಣ್ಣು ಮುಚ್ಚಿ, "ಇನ್ನೂ ಇಲ್ಲ" ಅನ್ನುತ್ತಿದ್ದರು. ಆಮೇಲೆ "ಹೂಂ, ಈಗ." ಅವರ ಅಂದಾಜು ತಪ್ಪಿದ್ದನ್ನು ನಾನು ನೋಡಿಲ್ಲ.

ಓಕ್ಲೆಂಡಿನ ಡೌನ್‌ಟೌನಿನಲ್ಲಿ ಅವರದೊಂದು ಸಣ್ಣ ಹೋಟೆಲು. ಅಮೆರಿಕದ ದಕ್ಷಿಣ ಸೀಮೆಯ ಮನೆಯೂಟ ಹಾಕುತ್ತಿದ್ದರು: ಕರಿದ ಕೋಳಿ, ದಪ್ಪ ಎಲೆಯ ಸೊಪ್ಪು, ಅಲಸಂದೆ ಕಾಳು, ಮೆಕ್ಕೆಜೋಳದ ಹಿಟ್ಟಿನ ಬ್ರೆಡ್ಡು. ನಾನು ಆಗಷ್ಟೇ ಹಳೆಯ ಪಿಕಪ್ ಟ್ರಕ್ಕೊಂದನ್ನು ಇಟ್ಟುಕೊಂಡು, ಮುಚ್ಚಿದ ಹೋಟೆಲುಗಳ ಒಲೆ, ಫ್ರೀಜರು ಕೊಂಡು ಮಾರುವ ವ್ಯಾಪಾರ ಶುರು ಮಾಡಿದ್ದೆ. ಮಂಡ್ಯ ಕಡೆಯವನು, ಇಂಜಿನಿಯರಲ್ಲ, ಬಾಯಿಯೇ ಬಂಡವಾಳ. ಅವರಿಗೊಂದು ಫ್ರೀಜರು ತಗುಲಿಹಾಕೋಣ ಎಂದು ಮಧ್ಯಾಹ್ನ ಒಳಗೆ ಹೋಗಿ ಬೆಲೆ ಹೇಳಲು ಬಾಯಿ ತೆರೆದೆ.

"ಹಸಿದವನ ಹತ್ತಿರ ನಾನು ವ್ಯಾಪಾರ ಮಾತಾಡಲ್ಲ ಬೇಬಿ. ಕೂತ್ಕೊ, ಮೊದಲು ಉಣ್ಣು."

ಎಲ್ಲರನ್ನೂ ಬೇಬಿ ಅನ್ನುತ್ತಿದ್ದರು, ತಲೆ ನರೆತವರನ್ನೂ ಪೊಲೀಸರನ್ನೂ. ವ್ಯಾಪಾರ ಮಾಡುವವರಿಗೆ ಒಂದು ಮಾತು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ: ಎದುರಿನವರು ನಿಮಗೆ ಉಣ್ಣಲು ಹಾಕಿದರೋ, ಚೌಕಾಸಿಯಲ್ಲಿ ನೀವು ಸೋತಿರಿ. ಅವತ್ತು ನಾನು ಸೋತೆ.

ತಟ್ಟೆ ಬಂತು. ಇದರಲ್ಲಿ ಮಾಂಸ ಇದೆಯೇ ಎಂದು ಸಂಕೋಚದಿಂದಲೇ ಕೇಳಿದೆ. ಅವರು ನಕ್ಕರು. "ಸೊಪ್ಪಿಗೆ ಹೊಗೆ ಹಾಕಿದ ಹಂದಿ, ಕಾಳಿಗೂ ಅದೇ, ಬ್ರೆಡ್ಡಿನ ಬಾಣಲೆಗೆ ಅದರ ಕೊಬ್ಬು. ಅದಿಲ್ಲದೆ ನಮ್ಮಜ್ಜಿ ನೀರೂ ಕಾಯಿಸ್ತಿರಲಿಲ್ಲ." ನನ್ನ ಮುಖ ನೋಡಿ ತಟ್ಟೆ ಎತ್ತಿಕೊಂಡರು. ಬೇಜಾರಿಲ್ಲ, ವ್ಯಂಗ್ಯವಿಲ್ಲ. "ನಿಮ್ಮಮ್ಮ ಸೊಪ್ಪಿಗೆ ಏನು ಹಾಕ್ತಾರೆ?" ಎಂದು ಕೇಳಿದರು. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಅಂದೆ.

ಮುಂದಿನ ವಾರ ಫ್ರೀಜರು ಇಳಿಸಲು ಹೋದಾಗ ಒಲೆಯ ಮೂಲೆಯಲ್ಲಿ ಚಪ್ಪಟೆ ತಳದ ಒಂದು ಚಿಕ್ಕ ಬೀಡು ಕಬ್ಬಿಣದ ಬಾಣಲೆ ಇತ್ತು, ಹಿಡಿಗೆ ಕೆಂಪು ಬಟ್ಟೆ ಕಟ್ಟಿಕೊಂಡು. ಬರೀ ಎಣ್ಣೆಯಲ್ಲಿ ಪಳಗಿಸಿದ್ದು. ಅಡುಗೆಮನೆಯವರಿಗೆಲ್ಲ ತಾಕೀತಾಗಿತ್ತು: "ಕೆಂಪು ಬಟ್ಟೆಯದಕ್ಕೆ ಯಾರಾದರೂ ಕೊಬ್ಬು ಸೋಕಿಸಿದರೆ ಅವರನ್ನೇ ಕರಿದು ಹಾಕ್ತೀನಿ." ನನ್ನೊಬ್ಬನಿಗಾಗಿ ಹುಟ್ಟಿದ ಆ ಬಾಣಲೆಯಲ್ಲಿ ಆಮೇಲೆ ಹಂದಿ ತಿನ್ನದ ಯೆಮನಿನ ಅಂಗಡಿಯವನೂ ಉಂಡ, ಯಾವ ಮಾಂಸವೂ ಬೇಡವೆನ್ನುವ ಕಾಲೇಜು ಹುಡುಗಿಯರೂ ಉಂಡರು.

ಅದಕ್ಕೆ ಸೋಪು ತಾಗಿಸುವಂತಿರಲಿಲ್ಲ. ನಮ್ಮಲ್ಲೂ ದೋಸೆ ಹೆಂಚನ್ನು ಹಾಗೇ ಕಾಪಾಡುತ್ತಾರೆ, ಈರುಳ್ಳಿ ಹೋಳಿನಲ್ಲಿ ಎಣ್ಣೆ ಸವರುತ್ತಾರೆ ಅಂದೆ. ಮರುದಿನದಿಂದ ಅವರೂ ಈರುಳ್ಳಿ ಹಿಡಿದರು. ಮೊದಲ ಬ್ರೆಡ್ಡು ಅಂಟಿಕೊಂಡು ಹರಿದರೆ ಬಯ್ಯುತ್ತಿರಲಿಲ್ಲ. "ಬಾಣಲೆ ಮೊದಲು ತಿನ್ನುತ್ತೆ ಬೇಬಿ, ಆಮೇಲೆ ನಾವು" ಅನ್ನುತ್ತಿದ್ದರು.

ಮೊಣಕಾಲು ಕೈಕೊಟ್ಟ ಮೇಲೆ ಹೋಟೆಲು ಮಾರಿದರು. ಸಾಮಾನಿಗೆ ಬೆಲೆ ಕಟ್ಟಿಕೊಟ್ಟವನು ನಾನೇ. ಆ ಬಾಣಲೆ ಮಾತ್ರ ಮನೆಗೆ ಒಯ್ಯಿರಿ ಎಂದು ಬುದ್ಧಿ ಹೇಳಿದೆ. ಕೇಳಲಿಲ್ಲ. ಕೊಂಡುಕೊಂಡ ಯುವಕನ ಕೈ ಹಿಡಿದು, ನನ್ನೆದುರಿಗೇ ಅಂದರು: "ಇದು ಒಲೆ ಜೊತೆ ಇರಬೇಕು. ನಮ್ಮದು ತಿನ್ನದವರು ಯಾರಾದರೂ ಹಸಿದು ಬರ್ತಾರೆ, ಅವರಿಗೆ." ಆತ ಆಗಲಿ ಎಂದು ತಲೆಯಾಡಿಸಿದ. ಚಳಿಗಾಲ ಕಳೆಯುವುದರೊಳಗೆ ಹೋಟೆಲಮ್ಮ ತೀರಿಕೊಂಡರು.

ಮೊನ್ನೆ ಶನಿವಾರ ಹೆಂಡತಿಯೊಂದಿಗೆ ನಾವಿರುವ ಯೂನಿಯನ್ ಸಿಟಿಯಿಂದ ರೈಲು ಹತ್ತಿ ಅಲ್ಲಿಗೆ ಹೋದೆ. ಹೊಸ ಬಣ್ಣ, ಹೊಸ ದೀಪ. ಗೋಡೆಯ ಮೇಲೆ ಹೋಟೆಲಮ್ಮನ ಆಳೆತ್ತರದ ಫೋಟೋ, ಕೆಳಗೆ "ಅಮ್ಮನ ಕೈರುಚಿ, ಇಂದಿಗೂ" ಎಂದು ಇಂಗ್ಲಿಷಿನ ಬರಹ. ಪಕ್ಕದಲ್ಲೇ ಆ ಬಾಣಲೆ. ಉಜ್ಜಿ ಉಜ್ಜಿ ಎಣ್ಣೆಯಲ್ಲಿ ಪಳಗಿದ ಪದರವನ್ನೆಲ್ಲ ಕಿತ್ತು, ಮೇಲೆ ವಾರ್ನಿಷ್ ಬಳಿದು, ಹಿಡಿಯ ತೂತಿಗೆ ಮೊಳೆ ಹೊಡೆದಿದ್ದರು. ಕೆಂಪು ಬಟ್ಟೆ ಇರಲಿಲ್ಲ.

ಬಡಿಸುವ ಹುಡುಗಿಯನ್ನು ಕೇಳಿದೆ, ಮಾಂಸ ಹಾಕದ ಸೊಪ್ಪು ಇದೆಯೇನಮ್ಮ?

"ಇಲ್ಲ ಸರ್, ಎಲ್ಲ ಒಂದೇ ಪಾತ್ರೆಯಲ್ಲಿ ಬೇಯುತ್ತೆ. ಸಲಾಡ್ ಕೊಡಲಾ?"

"ಮತ್ತೆ ಆ ಬಾಣಲೆ ಯಾತಕ್ಕಿದೆ?"

"ಅದಾ? ಅದು ಡೆಕೋರೇಷನ್ನು."

ನನಗೆ ಪಿತ್ತ ನೆತ್ತಿಗೇರಿತು. ಹೆಂಗಸಿನ ಮುಖವನ್ನು ಗೋಡೆಗೆ ಹಾಕಿ ಕಾಸು ಮಾಡಿಕೊಳ್ಳುತ್ತೀರಿ, ಅವರು ಕೈ ಹಿಡಿದು ಹೇಳಿದ ಒಂದೇ ಒಂದು ಮಾತನ್ನು ಮೊಳೆಗೆ ನೇತುಹಾಕುತ್ತೀರಿ! ಮಾಲೀಕನನ್ನು ಕರೆಸಿ ಇದನ್ನೇ ಹೇಳಿದೆ. ಅದೇ ಯುವಕ. ಈಗ ಗಡ್ಡ ಬಿಟ್ಟಿದ್ದ.

"ನಮಗೂ ಅವರ ಮೇಲೆ ತುಂಬಾ ಗೌರವ ಇದೆ ಸರ್. ಅದಕ್ಕೇ ಅಲ್ವಾ ಫೋಟೋ ಹಾಕಿರೋದು?"

"ಗೌರವ ಒಲೆ ಮೇಲಿರಬೇಕಿತ್ತಪ್ಪ, ಗೋಡೆ ಮೇಲಲ್ಲ. ಇಳಿಸಿ ಅದರಲ್ಲಿ ಅಡುಗೆ ಮಾಡಿಸು."

"ಒಬ್ಬಿಬ್ಬರಿಗಾಗಿ ಬೇರೆ ಬಾಣಲೆ ಇಡೋಕಾಗಲ್ಲ ಸರ್."

"ರೀ, ಸಾಕು ಬನ್ನಿ, ಎಲ್ಲ ನಮ್ಮನ್ನೇ ನೋಡ್ತಿದಾರೆ" ಎಂದು ಹೆಂಡತಿ ತೋಳು ಎಳೆದಳು. ನೋಡಲಿ ಬಿಡೇ ಅಂದೆ. ಒಲೆಗೆ ಬೇಡದಿದ್ದರೆ ನನಗೆ ಕೊಡು, ಬದಲಿಗೆ ನನ್ನ ಗೋಡೌನಿನಿಂದ ಬೇರೊಂದು ಬೀಡಿನ ಬಾಣಲೆ ತಂದುಕೊಡುತ್ತೇನೆ ಅಂದೆ. ಗಂಟೆಗಟ್ಟಲೆ ಎಳೆದಾಡಲು ಸಿದ್ಧನಾಗಿದ್ದೆ. ಅಮ್ಮನ ನೆನಪು ಸರ್, ಕೊಡೋಕಾಗಲ್ಲ ಅನ್ನುತ್ತಾನೆ ಎಂದು ಕಾದೆ. ಹಾಗೆ ಅಂದಿದ್ದರೆ ಅರ್ಧ ಸಿಟ್ಟಾದರೂ ಇಳಿಯುತ್ತಿತ್ತು.

"ಓ, ಆಗಲಿ ಸರ್. ಯಾವುದಾದರೂ ನಡೆಯುತ್ತೆ, ಕಪ್ಪಗೆ ಕಂಡರೆ ಸಾಕು" ಅಂದ, ಮೊಳೆಯಿಂದ ತೆಗೆದು ಕೈಗೆ ಕೊಟ್ಟೇಬಿಟ್ಟ.

ಜೀವಮಾನವಿಡೀ ಚೌಕಾಸಿ ಮಾಡಿದವನು ನಾನು. ಇಷ್ಟು ಸಲೀಸಾಗಿ ಗೆದ್ದು ಇಷ್ಟು ಉರಿದುಕೊಂಡದ್ದು ಇಲ್ಲ. ಮಾತಿಗೆ ತಪ್ಪದೆ ಸೋಮವಾರ ಬೇರೆ ಬಾಣಲೆ ಕೊಟ್ಟುಬಂದೆ. ಅದೀಗ ಹೋಟೆಲಮ್ಮನ ಫೋಟೋದ ಪಕ್ಕ ನೇತಾಡುತ್ತಿದೆ. ಅವರ ಕೈ ಅದನ್ನು ಮುಟ್ಟಿಯೇ ಇರಲಿಲ್ಲ. ಹೋದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ನಮ್ಮ ಹಿತ್ತಲಿನಲ್ಲಿ ಕೆಂಡದ ಮೇಲಿಟ್ಟು ವಾರ್ನಿಷ್ ಸುಟ್ಟೆ, ಕೆರೆದೆ, ತೊಳೆದೆ. ಆಮೇಲೆ ಎಣ್ಣೆ ಸವರಿ ಕಾಯಿಸಿ, ಆರಿಸಿ, ಮತ್ತೆ ಸವರಿದೆ. ನೀವು ಮಾಡುವುದಾದರೆ ಎಣ್ಣೆ ತೆಳುವಾಗಿರಲಿ, ಅವಸರ ಬೇಡ. ನಿನ್ನೆ ಬೆಳಿಗ್ಗೆ ಹೆಂಡತಿ ಒಂದು ಸೌಟು ಹಿಟ್ಟು ಹುಯ್ದಳು. ದೋಸೆ ಕಚ್ಚಿಕೊಂಡು ಚೂರುಚೂರಾಯಿತು. "ಇಷ್ಟಕ್ಕಾ ಅಷ್ಟೊಂದು ಜಗಳ?" ಅಂದಳು.

"ಬಾಣಲೆ ಮೊದಲು ತಿನ್ನಲಿ ಕಣೇ" ಅಂದೆ.

ಎರಡನೆಯದೂ ಹರಿಯಿತು. ಪಾಪ, ಎಷ್ಟು ದಿನದಿಂದ ಉಪವಾಸವಿತ್ತೋ. ಮೂರನೆಯದಕ್ಕೆ ಮೊದಲು ನಾನು ಮುಂಗೈಯನ್ನು ಮೇಲೆ ಹಿಡಿದು, ಕಣ್ಣು ಮುಚ್ಚಿ ಕಾದೆ. ಇನ್ನೂ ಇಲ್ಲ. ಇನ್ನೂ ಇಲ್ಲ. ಹೂಂ, ಈಗ.

ಇಡಿಯಾಗಿ ಎದ್ದು ಬಂತು. ಹಿಡಿಗೆ ಕೆಂಪು ಬಟ್ಟೆ ಕಟ್ಟಿದ್ದೇನೆ. ನಮ್ಮದು ತಿನ್ನದವರು ಯಾರಾದರೂ ಹಸಿದಿದ್ದರೆ ಬನ್ನಿ.