ನೀಲಮ್ಮ ಅತ್ತೆಯ ಮೂರು ಡಬ್ಬಿ

2021ರ ಡಿಸೆಂಬರ್ ತಿಂಗಳ ಎರಡನೆಯ ಭಾನುವಾರ, ಬಾದಾಮಿ ಊರಾಚೆಯ ಬಂಡೆಗಳ ನಡುವೆ ನಮ್ಮ ಮನೆಯ ನಾಲ್ಕು ಜನ ಒಂದು ಆನೆಯನ್ನು ನಂಬಿ ಎಡಕ್ಕೆ ಹೋದೆವು. ಹೋಗಬೇಕಾದದ್ದು ಬಲಕ್ಕೆ. ಮೂರು ತಾಸು ಅಲೆದೆವು. ಆ ಆನೆಯನ್ನು ಕೊರೆದ ನೀಲಮ್ಮ ಅತ್ತೆ ಅಷ್ಟೂ ಹೊತ್ತು ಬೇವಿನ ಮರದ ನೆರಳಲ್ಲಿ ಕೂತು ಸಜ್ಜೆ ರೊಟ್ಟಿ ತಿನ್ನುತ್ತಿದ್ದರು.

ಅತ್ತೆ ನಮ್ಮಪ್ಪನ ಅಕ್ಕ. ಅವರಿದ್ದದ್ದು ಇಳಕಲ್ಲಿನಲ್ಲಿ, ನಾವು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ. ನಲವತ್ತು ವರ್ಷ ಸೀರೆಗಳಿಗೆ ಕಸೂತಿ ಹಾಕಿದ ಮೇಲೆ ಅವರ ಕಣ್ಣು ಸೂಜಿಯ ತೂತನ್ನು ಕಾಣುವುದಿಲ್ಲವೆಂದು ಹಟ ಹಿಡಿದವು. ಆಗ ಅತ್ತೆ ಸೂಜಿ ಬಿಟ್ಟು ಬ್ಲೇಡು ಹಿಡಿದರು. ಯಾವುದೋ ದೇಶದ ಮಂದಿ ಗುಡ್ಡದಲ್ಲಿ ಡಬ್ಬಿ ಬಚ್ಚಿಟ್ಟು ಹುಡುಕುವ ಆಟವನ್ನು ಮೊಬೈಲಿನಲ್ಲಿ ನೋಡಿದ್ದರು. ಆಟ ಸರಳ. ಡಬ್ಬಿಯೊಳಗೆ ಒಂದು ನೋಟ್‌ಬುಕ್ಕು, ಒಂದು ಇಂಕ್ ಪ್ಯಾಡು, ಕೈಯಲ್ಲಿ ಕೊರೆದ ಒಂದು ರಬ್ಬರ್ ಮುದ್ರೆ. ಸುಳಿವು ಹಿಡಿದು ಹೋಗಿ ಡಬ್ಬಿ ಕಂಡವರು ತಮ್ಮ ಮುದ್ರೆಯನ್ನು ಅದರ ಪುಸ್ತಕದಲ್ಲಿ ಒತ್ತಬೇಕು, ಅದರ ಮುದ್ರೆಯನ್ನು ತಮ್ಮ ಪುಸ್ತಕದಲ್ಲಿ. ಆಮೇಲೆ ಎಲ್ಲವನ್ನೂ ಇದ್ದಲ್ಲೇ ಇಟ್ಟು ಬಾಯಿ ಮುಚ್ಚಿಕೊಂಡು ಬರಬೇಕು. ಕೊನೆಯ ನಿಯಮ ನಮ್ಮ ಮನೆತನದಲ್ಲಿ ಯಾರಿಗೂ ಸಾಧ್ಯವಾಗಲಿಲ್ಲ.

ಆಟಕ್ಕೆ ಚಳಿಗಾಲವೇ ಯಾಕೆ ಎಂದು ಕೇಳಿದ್ದೆ.

“ಬ್ಯಾಸಗಿಯೊಳಗ ಬಾದಾಮಿ ಕಲ್ಲಿನ ಮ್ಯಾಲ ಕುಂದ್ರು, ಗೊತ್ತಾಗ್ತೈತಿ. ಕುಂತಲ್ಲೇ ರೊಟ್ಟಿ ಆಗಿ ಏಳ್ತಿ.”

ಎಲ್ಲರಿಗೂ ಒಂದೊಂದು ಮುದ್ರೆ ಕಡ್ಡಾಯ. ಅತ್ತೆಯದು ಕಸೂತಿಯ ಗೋಪುರ. ನನ್ನ ಹೆಂಡತಿಯದು ಮಲ್ಲಿಗೆ, ಮಗಳದು ಚಪ್ಪಲಿ, ನನ್ನದು ಬೀಗ. ಅಪ್ಪ ಜೋಳದ ತೆನೆ ಕೊರೆದಿದ್ದರು. ಅದು ಬೆಂಡೆಕಾಯಿ ಎಂದು ಅತ್ತೆ ತೀರ್ಪು ಕೊಟ್ಟರು. ಮನೆಯಲ್ಲಿ ಹಾಗೆಯೇ ದಾಖಲಾಯಿತು.

ಬಾದಾಮಿಯಲ್ಲಿ ಡಬ್ಬಿ ಎರಡು. ಮೊದಲನೆಯದರ ಮುದ್ರೆ ಆನೆ. ಅದು ಮುಖ ಮಾಡಿದ ಕಡೆ ಹೋದರೆ ಎರಡನೆಯದು ಸಿಗುತ್ತದೆ ಎಂಬುದು ಸುಳಿವು. ಅತ್ತೆ ರಬ್ಬರಿನ ಮೇಲೆ ಬಲಕ್ಕೆ ನೋಡುವ ಆನೆಯನ್ನು ಕೊರೆದಿದ್ದರು. ಒತ್ತಿದಾಗ ಹಾಳೆಯ ಮೇಲೆ ಅದು ಎಡಕ್ಕೆ ತಿರುಗಿತು. ಬೆವರು ಒರೆಸಿಕೊಳ್ಳುತ್ತ ಮರದಡಿಗೆ ಬಂದ ಅಪ್ಪ ಕೇಳಿದರು:

“ಅಕ್ಕಾ, ಮುದ್ರಿ ಉಲ್ಟಾ ಬೀಳತೈತಿ ಅನ್ನೂದು ನಿಂಗ ಗೊತ್ತಿಲ್ಲೇನು? ಕಸೂತಿಯೊಳಗೂ ಬಟ್ಟಿ ತಿರುವಿದ್ರ ಆನಿ ತಿರಗತದಲ್ಲ?”

“ಬಟ್ಟಿ ತಿರುವಿ ಆನಿ ಮಾರಿ ಯಾರು ನೋಡ್ತಾರಲೇ ಶೇಖ್ಯಾ? ಹಿಂದ ಗಂಟು ಬಿದ್ದೈತೇನು ಅಂತ ನೋಡ್ತೇವಿ. ಗಂಟು ಇಲ್ಲಂದ್ರ ಕೆಲಸ ಚಲೋ. ನನ್ನ ಆನಿಗೆ ಗಂಟಿಲ್ಲ.”

ತಪ್ಪು ಒಪ್ಪಿಕೊಂಡ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಮರುವಾರ ಹೊಸ ಆನೆ ಬಂತು. ಹಳೆಯದು ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ.

ಮುಂದಿನ ವರ್ಷ ಗುಡೂರಿನ ಹಾದಿಯ ಕಲ್ಲುಗುಡ್ಡದಲ್ಲಿ ಮೂರನೆಯ ಡಬ್ಬಿ ಇಟ್ಟರು. ಅದರೊಳಗೆ ಬಾದಾಮಿಯ ಡಬ್ಬಿಗಳ ಸುಳಿವೂ ಇತ್ತು. ಗುಡೂರಿನ ಸುಳಿವನ್ನು ದಪ್ಪಕ್ಷರದಲ್ಲಿ ಬರೆದು ಹುನಗುಂದದ ಒಂದು ಚಹಾದಂಗಡಿಯ ಗೋಡೆಗೆ ಅಂಟಿಸಿದರು. ಅವರಿಗೆ ಬೇಕಾಗಿದ್ದುದು ಒಂದೇ: ಗುರುತಿಲ್ಲದ ಯಾರಾದರೂ ಬಂದು ಡಬ್ಬಿ ತೆರೆಯಬೇಕು. “ಮನಿ ಮಂದಿ ಹುಡುಕಿದ್ದು ಹುಡುಕಿದಂಗಲ್ಲ. ನಾನ ಅಡಗಿ ಮಾಡಿ, ನಾನ ಉಂಡು, ನಾನ ಭಾಳ ರುಚಿ ಆಗೇತಿ ಅಂದಂಗ.”

ಎರಡು ಚಳಿಗಾಲದಲ್ಲಿ ಹೊರಗಿನವರು ಡಬ್ಬಿ ತೆರೆದದ್ದು ಒಮ್ಮೆ. ಅದು ಬಾದಾಮಿಯ ಮಂಗ. ಇಂಕ್ ಪ್ಯಾಡನ್ನು ಒಯ್ದಿತು, ಮುದ್ರೆ ಒತ್ತಲಿಲ್ಲ. ಅತ್ತೆ ಅದನ್ನು ಪರಿಗಣಿಸಲಿಲ್ಲ.

ಮೂರನೆಯ ಚಳಿಗಾಲದಲ್ಲಿ ಘೋಷಿಸಿದರು: “ಈ ಸಂಕ್ರಾಂತಿಯೊಳಗ ಪರರದೊಂದು ಮುದ್ರಿ ಬೀಳಲಿಲ್ಲಂದ್ರ ನಾ ಬ್ಲೇಡ್ ಕೆಳಗಿಡ್ತೇನಿ.”

ಸಂಕ್ರಾಂತಿಯ ದಿನ ಎಲ್ಲರೂ ಗುಡೂರಿನ ಗುಡ್ಡಕ್ಕೆ ಹೋದೆವು. ಡಬ್ಬಿ ತೆರೆದರೆ ಪುಸ್ತಕದಲ್ಲಿ ಒಂದು ಮೀನು. ನಮ್ಮಲ್ಲಿ ಯಾರ ಮುದ್ರೆಯೂ ಮೀನಲ್ಲ. ಮಗಳು ಚಪ್ಪಾಳೆ ಹೊಡೆದಳು. ಅತ್ತೆ ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಆಮೇಲೆ ಅಪ್ಪನ ಕಡೆ ತಿರುಗಿದರು.

“ಲೇ ಶೇಖ್ಯಾ, ಬೆಂಡೀಕಾಯಿಗೆ ಬಾಲ ಹಚ್ಚಿದ್ರ ಮೀನ ಆಗ್ತೈತೇನು?”

“ಬಸವಣ್ಣನಾಣಿ ಅಕ್ಕಾ, ನಂಗೇನೂ ಗೊತ್ತಿಲ್ಲ.”

“ಬಸವಣ್ಣನ್ನ ಈ ಗುಡ್ಡಾ ಯಾಕ ಹತ್ತಸ್ತಿ? ಬ್ಲೇಡ್ ಒತ್ತಿ ಹಿಡದು ಕಡೀಗೆ ಜಾರಸೂದು ನಿಂದ ಕೈ.”

ಅಪ್ಪ ಕಿಸೆಯಿಂದ ಮೀನಿನ ರಬ್ಬರು ತೆಗೆದುಕೊಟ್ಟರು. ವಾರದ ಹಿಂದೆ ಒಬ್ಬರೇ ಬಸ್ಸಿನಲ್ಲಿ ಬಂದು ಒತ್ತಿ ಹೋಗಿದ್ದರು. ಅತ್ತೆ ಬುತ್ತಿ ಬಿಚ್ಚಿದರು. “ಸುಳ್ಳು ಹೇಳಾಕ ಇಷ್ಟು ದೂರ ಬಂದೀಯಲ್ಲೋ. ಹೋಗ್ಲಿ, ಇನ್ನೊಂದ ವರ್ಷ ನೋಡೂಣು.”

ಆ ಇನ್ನೊಂದು ವರ್ಷದಲ್ಲಿ ಅವರ ಮೊಣಕಾಲು ಕೈಕೊಟ್ಟಿತು. 2025ರ ಜನವರಿಯಲ್ಲಿ ಗುಡೂರಿಗೆ ನಾವು ನಾಲ್ವರೇ ಹೋದೆವು. ಪುಸ್ತಕದಲ್ಲಿ ಸುರುಳಿ ಕೊಂಬಿನ ಒಂದು ಟಗರಿತ್ತು. ಹವಾಯಿ ಚಪ್ಪಲಿಯ ಅಟ್ಟೆಯಲ್ಲಿ ಕೊರೆದದ್ದು. ಅಟ್ಟೆಯ ಚುಕ್ಕಿಗಳು ಉಣ್ಣೆಯಂತೆ ಮೂಡಿದ್ದವು. ಹೆಸರಿರಲಿಲ್ಲ. ನಾವು ಮೂವರೂ ಅಪ್ಪನ ಕಡೆ ತಿರುಗಿದೆವು. ತನ್ನದಲ್ಲವೆಂದು ಅಪ್ಪ ಎರಡೂ ಕೈ ಎತ್ತಿಬಿಟ್ಟರು.

ನಿಯಮ ಮುರಿದು ಪುಸ್ತಕವನ್ನು ಇಳಕಲ್ಲಿಗೆ ಒಯ್ದೆವು. ಅತ್ತೆ ಹಾಸಿಗೆಯಲ್ಲಿ ಎದ್ದು ಕೂತು, ಭೂತಗನ್ನಡಿ ತರಿಸಿ, ಟಗರನ್ನು ಕೊಂಬಿನಿಂದ ಕಾಲಿನವರೆಗೆ ನೋಡಿದರು.

“ಶೇಖ್ಯಾ, ಈ ಸಲ ಚಲೋ ಕೊರದಿ.”

“ಅಕ್ಕಾ, ಖರೇನ ನಂದಲ್ಲ. ಬಸವಣ್ಣನಾಣಿ.”

“ಹೋದ ವರ್ಷನೂ ಅವನ್ನ ಕರದಿದ್ದಿ.”

ನನ್ನ ಹೆಂಡತಿ ಹೇಳಿದಳು, ಮಗಳು ಹೇಳಿದಳು, ನಾನು ಹೇಳಿದೆ. ಅತ್ತೆ ನಗುತ್ತ ತಲೆಯಾಡಿಸಿದರು. “ಎಲ್ಲಾರೂ ಕೂಡಿ ಸುಳ್ಳು ಹೇಳೂದು ಕಲತೀರಿ.” ದಿಂಬಿನಡಿಯಿಂದ ತಮ್ಮ ಕೊರೆಯುವ ಚೂರಿ ತೆಗೆದು ಅಪ್ಪನ ಕೈಗೆ ಕೊಟ್ಟರು. “ತಗೋ. ಕೈ ಪಳಗೇತಿ. ಇನ್ನ ನೀನ ಕೊರಿ.”

ಅಪ್ಪ ಚೂರಿ ಹಿಡಿದುಕೊಂಡು ನಿಂತರು. ಮತ್ತೆ ಆಣೆ ಮಾಡಲಿಲ್ಲ.

ಮೇ ತಿಂಗಳಲ್ಲಿ ಅತ್ತೆ ತೀರಿಕೊಂಡರು.

ಈ ವರ್ಷ ಜನವರಿಯ ಮೊದಲ ಭಾನುವಾರ ಬಾದಾಮಿಯ ಎರಡನೆಯ ಡಬ್ಬಿ ತೆರೆದೆವು. ಕೊನೆಯ ಹಾಳೆಯಲ್ಲಿ ಅದೇ ಟಗರು ಇತ್ತು. ಕೆಳಗೆ ಡಿಸೆಂಬರ್ 28ರ ತಾರೀಖು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು: “ಮುಂದಿನ ಡಬ್ಬಿ ಎಲ್ಲೈತ್ರಿ?”